ಒದ್ದೆ ಬಟ್ಟೆಯನ್ನು ನಂಬಿ ಕೆಟ್ಟೆ: ನನ್ನ ಹಳೇ ಪದ್ಮಿನಿಯ ಕಥೆ
ನನ್ನ ಹತ್ತಿರ 1986ರ ಪ್ರೀಮಿಯರ್ ಪದ್ಮಿನಿ ಕಾರು ಇದೆ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಹೋದ ಬೇಸಿಗೆಯಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಪದ್ಮಿನಿ ಇಟ್ಟುಕೊಂಡವರ ಕೈ ಇಂಥ ಹೊತ್ತಿನಲ್ಲಿ ತಾನಾಗಿ ನೀರಿನ ಬಾಟಲಿಗೆ ಹೋಗುತ್ತದೆ. ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ. ಎಂಜಿನ್ ಕಾದರೆ ಒಳಗಿನ ಪೆಟ್ರೋಲ್ ಆವಿಯಾಗಿ ಪಂಪು ಎಳೆಯುವುದಿಲ್ಲ. ಅದೇ ವೇಪರ್ ಲಾಕ್. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಲು ಗಂಟೆ ಕಾದೆ. ಗಾಡಿ ಹೊರಟಿತು. ನಾನೂ ನಂಬಿದೆ.

ಬೆಂಗಳೂರಿಗೆ ಬಂದ ಮೇಲೂ ಸಿಗ್ನಲ್‌ನಲ್ಲಿ ಅದೇ ಕಾಟ. ಪಂಪಿನ ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ) ಕಿಟ್ ಹಾಕಿಸಿದೆ, ಪೆಟ್ರೋಲಿನ ರಬ್ಬರ್ ಹೋಸ್ ಬದಲಿಸಿದೆ. ಏನೂ ಉಪಯೋಗವಾಗಲಿಲ್ಲ. (ದುಡ್ಡು ಸುಮ್ನೆ ಹೋಯಿತು ಅನ್ನಲಾರೆ. ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಹಳೇ ರಬ್ಬರ್ ಊದಿಕೊಳ್ಳುತ್ತದೆ, ಹೇಗೂ ಬದಲಿಸಲೇಬೇಕಿತ್ತು.)

ಮುಂದಿನ ಸಲ ನಿಂತಾಗ ನೀರು ಮುಟ್ಟಲಿಲ್ಲ. ತೊಂದರೆ ಪೆಟ್ರೋಲಿನದಲ್ಲ, ಕಿಡಿಯದ್ದಿರಬಹುದು ಅನ್ನಿಸಿತ್ತು. ಪ್ಲಗ್ಗುಗಳಿಗೆ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ನಡುವಿನ ದಪ್ಪ ವೈರ್ ಕಿತ್ತು, ಒಣ ಬಟ್ಟೆಯಲ್ಲಿ ಹಿಡಿದು, ಅದರ ತುದಿಯನ್ನು ಎಂಜಿನ್ ಬಾಡಿಯಿಂದ ಐದಾರು ಮಿಲಿಮೀಟರ್ ದೂರ ಇಟ್ಟೆ. ಮಗ ಸೆಲ್ಫ್ ಹೊಡೆದ. ಚಟ್ ಎಂದು ನೀಲಿ ಕಿಡಿ ಹಾರಬೇಕಿತ್ತು. ಬಂದದ್ದು ಹಳದಿ ಬಣ್ಣದ, ಜೀವವಿಲ್ಲದ ಕಿಡಿ. ಕ್ಯಾಪ್ ತೆಗೆದು ನೋಡಿದರೆ ಪಾಯಿಂಟ್ (ತೆರೆದು ಮುಚ್ಚಿ ಕರೆಂಟ್ ಕಡಿಯುವ ಪುಟ್ಟ ಲೋಹದ ಜೋಡಿ) ಸುಟ್ಟಿತ್ತು. ಒಂದು ಮುಖದಲ್ಲಿ ಸಣ್ಣ ಗುಂಡಿ, ಎದುರಿನದರಲ್ಲಿ ಅಷ್ಟೇ ಗಾತ್ರದ ಗುಳ್ಳೆ. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಹೋಗಿತ್ತು! ಬಿಸಿಯಾದಾಗ ಕೈಕೊಡುತ್ತಿತ್ತು, ತಣ್ಣಗಾದರೆ ಮತ್ತೆ ಸರಿ. ನಾನು ಬಟ್ಟೆ ಸುತ್ತಿ ಕಾಯುತ್ತಿದ್ದ ಆ ಕಾಲು ಗಂಟೆಯಲ್ಲಿ ಅದೂ ತಣ್ಣಗಾಗುತ್ತಿತ್ತು ಅಲ್ವಾ? ಹೆಸರು ಮಾತ್ರ ಬಟ್ಟೆಗೆ.

ಒಂದು ಎಚ್ಚರಿಕೆ. ಪೆಟ್ರೋಲ್ ಪೈಪ್ ಬಿಚ್ಚಿ ನೋಡುವುದು, ಕಿಡಿ ನೋಡುವುದು, ಇವೆರಡನ್ನೂ ಒಟ್ಟಿಗೆ ಮಾಡಬೇಡಿ.

ಹೊಸ ಕಂಡೆನ್ಸರ್ ಹುಡುಕಿ, ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರೋಡಿಗೆ ಹೋದೆ. ಅಂಗಡಿಯ ಹಿರಿಯರು ಗಾಡಿಯ ಹೆಸರೂ ಕೇಳಲಿಲ್ಲ. "ಹಳೇ ಪೀಸ್ ತಂದಿದ್ದೀರಾ ಸಾರ್?" ಅಂದರು. ಜೇಬಿನಿಂದ ತೆಗೆದು ಕೊಟ್ಟೆ. ಮೊದಲ ಡಬ್ಬದ್ದು ನೋಡಲು ಥೇಟ್ ಹಾಗೇ ಇತ್ತು, ಆದರೆ ಸ್ಕ್ರೂ ತೂತು ಕೂರಲಿಲ್ಲ. ಇನ್ನೊಂದರ ವೈರ್ ಗಿಡ್ಡ. ಮೂರನೇ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು. ಎರಡು ಮಸಾಲೆದೋಸೆಯ ದುಡ್ಡು ಅಷ್ಟೆ. ಪಾಯಿಂಟ್ ಸೆಟ್ಟೂ ತಗೊಂಡೆ, ಸುಟ್ಟ ಪಾಯಿಂಟಿಗೆ ಹೊಸ ಕಂಡೆನ್ಸರ್ ಹಾಕಿ ಪ್ರಯೋಜನವಿಲ್ಲ. ಕಂಡೆನ್ಸರ್ ಮಾತ್ರ ಎರಡು ತಂದೆ, ಒಂದು ಈಗ ಡ್ಯಾಶ್‌ಬೋರ್ಡಿನಲ್ಲಿದೆ.

ಶಿವಾಜಿನಗರದ ಗುಜರಿಗೂ ಹೋಗುತ್ತಿರುತ್ತೇನೆ. ಬಾಗಿಲ ಹಿಡಿ, ಬಂಪರ್ ಬ್ರ್ಯಾಕೆಟ್, ಇಂಥ ಲೋಹದ ಸಾಮಾನಿಗೆ ಗುಜರಿಯೇ ವಾಸಿ. ರಬ್ಬರ್, ಬ್ರೇಕ್, ಕರೆಂಟಿನ ಸಾಮಾನು ಎಷ್ಟೇ ಅಗ್ಗವಾದರೂ ಅಲ್ಲಿ ಮುಟ್ಟುವುದಿಲ್ಲ. ಹಿಂದಿನ ಎಡಬಾಗಿಲಿನ ಗ್ಲಾಸ್ ಏರಿಸುವ ಹ್ಯಾಂಡಲ್ ಹುಡುಕುತ್ತಾ ಹೋದ ಭಾನುವಾರವೂ ಅಲ್ಲೇ ಇದ್ದೆ. ಸಿಕ್ಕಿದ್ದು ಬಲಬಾಗಿಲಿನ ಹೊರಗಿನ ಹಿಡಿ. ಇರಲಿ ಅಂತ ಅದನ್ನೂ ತಂದಿಟ್ಟಿದ್ದೇನೆ.