ಶಟ್‌ಡೌನ್ ಕಾಲದಲ್ಲಿ ಪ್ರಯೋಗಾಲಯವನ್ನೂ ಮನೆಯನ್ನೂ ನಡೆಸಿದ ಬಗೆ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ವಾಷಿಂಗ್ಟನ್ ನಗರಕ್ಕೆ ಹೊಂದಿಕೊಂಡ ಊರೊಂದರಲ್ಲಿ ನಾನು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಉದ್ಯೋಗಿ. ಆಹಾರದಲ್ಲಿ ಸೇರಿಕೊಳ್ಳುವ ಸಾಲ್ಮೊನೆಲ್ಲಾ, ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾಗಳನ್ನು ಪತ್ತೆಹಚ್ಚುವ ಪ್ರಯೋಗಾಲಯದಲ್ಲಿ ಮೊದಲು ವಿಜ್ಞಾನಿಯಾಗಿದ್ದು, ಈಗ ಒಂದು ಚಿಕ್ಕ ತಂಡದ ಮೇಲ್ವಿಚಾರಕಿಯಾಗಿದ್ದೇನೆ. 2013ರ ಅಕ್ಟೋಬರ್‌ನಲ್ಲಿ 16 ದಿನ, 2018ರ ಡಿಸೆಂಬರ್ ಕೊನೆಯಿಂದ 35 ದಿನ, 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರ ಮುಚ್ಚಿದಾಗ ಮೂರು ಬಾರಿಯೂ ಇದೇ ಪ್ರಯೋಗಾಲಯದಲ್ಲಿದ್ದೆ. ಊರಿನ ಬಂಧುಗಳು ಫೋನಿನಲ್ಲಿ ಕೇಳುವುದು ಎರಡೇ ಪ್ರಶ್ನೆ: ಸರ್ಕಾರ ಎನ್ನುವುದು ಮುಚ್ಚುವುದಾದರೂ ಹೇಗೆ, ಸಂಬಳವಿಲ್ಲದೆ ನೀವು ಬದುಕುವುದು ಹೇಗೆ. ಮೊದಲನೆಯದಕ್ಕೆ ಚಿಕ್ಕದಾಗಿಯೂ ಎರಡನೆಯದಕ್ಕೆ ವಿವರವಾಗಿಯೂ ಉತ್ತರ ಬರೆಯುತ್ತೇನೆ. ಅದಕ್ಕಿಂತ ಮುಖ್ಯವಾಗಿ ನನಗೆ ಹೇಳಬೇಕಾದದ್ದು, ಮುಚ್ಚಿದ ದಿನಗಳಷ್ಟೇ ನಷ್ಟವಲ್ಲ, ಮುಚ್ಚಲು ಸಿದ್ಧವಾಗುವ ಮುನ್ನಿನ ವಾರಗಳೂ ಮತ್ತೆ ಹಳಿಗೆ ಬರುವ ನಂತರದ ವಾರಗಳೂ ಸಾರ್ವಜನಿಕ ಸೇವೆಯ ಲೆಕ್ಕದಿಂದಲೇ ಕಳೆದುಹೋಗುತ್ತವೆ ಎಂಬುದು.

ಇಲ್ಲಿ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಆರಂಭವಾಗುತ್ತದೆ. ಅಷ್ಟರೊಳಗೆ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, 12 ಧನವಿನಿಯೋಗ ಮಸೂದೆಗಳನ್ನಾಗಲಿ, ಹಳೆಯ ಮಟ್ಟದಲ್ಲೇ ಖರ್ಚು ಮುಂದುವರಿಸುವ ತಾತ್ಕಾಲಿಕ ಮಸೂದೆಯನ್ನಾಗಲಿ ಅಂಗೀಕರಿಸದಿದ್ದರೆ, ಹಣ ಮಂಜೂರಾಗದ ಇಲಾಖೆ ಕೆಲಸ ನಿಲ್ಲಿಸಬೇಕು. ಮಂಜೂರಾತಿಯಿಲ್ಲದೆ ಖರ್ಚು ಮಾಡಬಾರದೆನ್ನುವ ಕಾನೂನಿನ ಬೇರು 1884ರಷ್ಟು ಹಳೆಯದಾದರೂ, ಬಹಳ ಕಾಲ ಇಲಾಖೆಗಳು ಅಂಥ ಅಂತರದಲ್ಲೂ ಬಹುಪಾಲು ಎಂದಿನಂತೆಯೇ ನಡೆಯುತ್ತಿದ್ದವು. 1980 ಮತ್ತು 1981ರಲ್ಲಿ ಆಗಿನ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಕೊಟ್ಟ ಅಭಿಪ್ರಾಯಗಳು ಆ ಕಾನೂನನ್ನು ಅಕ್ಷರಶಃ ಪಾಲಿಸಬೇಕೆಂದ ಮೇಲೆ ಇಂದಿನ ರೂಪದ ಶಟ್‌ಡೌನ್ ಹುಟ್ಟಿತು. ಭಾರತದಲ್ಲಿ ಬಜೆಟ್ ತಡವಾದರೆ ಲೇಖಾನುದಾನ ಪಡೆದು ಖರ್ಚು ಸಾಗಿಸುತ್ತಾರೆ, ಲೋಕಸಭೆಯಲ್ಲಿ ಹಣದ ಬೇಡಿಕೆಯೇ ಸೋತರೆ ಸರ್ಕಾರವೇ ಹೋಗಬೇಕಾಗುತ್ತದೆ. ಇಲ್ಲಿ ಅಧ್ಯಕ್ಷರೂ ಉಳಿಯುತ್ತಾರೆ, ಕಾಂಗ್ರೆಸ್ ಸದಸ್ಯರೂ ಉಳಿಯುತ್ತಾರೆ, ಸಂಬಳ ನಿಲ್ಲುವುದು ನೌಕರರದ್ದು.

ನೌಕರರು ಆಗ ಮೂರು ಗುಂಪಾಗುತ್ತಾರೆ. ಶುಲ್ಕದಿಂದಲೋ ಬೇರೆ ನಿಧಿಯಿಂದಲೋ ನಡೆಯುವ ಕಚೇರಿಗಳವರಿಗೆ ಏನೂ ಆಗುವುದಿಲ್ಲ. ಅಂಚೆ ಇಲಾಖೆ ಹೀಗೆಯೇ ನಡೆಯುತ್ತದೆ. ಮನುಷ್ಯರ ಪ್ರಾಣ ಮತ್ತು ಆಸ್ತಿಯ ರಕ್ಷಣೆಗೆ ಬೇಕಾದವರು ಸಂಬಳವಿಲ್ಲದೆ ಕೆಲಸಕ್ಕೆ ಬರಬೇಕು. ವಿಮಾನ ಸಂಚಾರ ನಿಯಂತ್ರಕರು, ವಿಮಾನ ನಿಲ್ದಾಣದ ತಪಾಸಣಾ ಸಿಬ್ಬಂದಿ, ಹವಾಮಾನ ಮುನ್ಸೂಚನೆ ಕೊಡುವವರು, ಮಾಂಸ ಸಂಸ್ಕರಣಾ ಘಟಕಗಳ ಇನ್‌ಸ್ಪೆಕ್ಟರುಗಳು ಈ ಸಾಲಿನವರು. ಉಳಿದವರಿಗೆ ಫರ್ಲೋ, ಅಂದರೆ ವೇತನವಿಲ್ಲದ ಕಡ್ಡಾಯ ರಜೆ. ಫರ್ಲೋ ಆದವರು ಮನೆಯಿಂದ ಕಚೇರಿಯ ಇಮೇಲ್ ತೆರೆದು ನೋಡುವಂತೆಯೂ ಇಲ್ಲ. ಸ್ವಯಂಪ್ರೇರಣೆಯಿಂದ ದುಡಿಯುತ್ತೇನೆಂದರೂ ಒಪ್ಪುವಂತಿಲ್ಲ. ಗೊತ್ತಿದ್ದೂ ಕಾನೂನು ಮುರಿದ ಅಧಿಕಾರಿಗೆ 5,000 ಡಾಲರ್‌ವರೆಗೆ ದಂಡ, ಎರಡು ವರ್ಷದವರೆಗೆ ಜೈಲು ವಿಧಿಸಲು ಅವಕಾಶವಿದೆ. ಮೇಲ್ವಿಚಾರಕಿಯಾದ ನನಗೆ ಇದು ಪುಸ್ತಕದ ಮಾತಲ್ಲ. ‘ಮೇಡಂ, ಅರ್ಧ ಗಂಟೆ ಬಂದು ಆ ಒಂದು ಪರೀಕ್ಷೆ ಮುಗಿಸಿ ಹೋಗುತ್ತೇನೆ’ ಎಂದು ಬೇಡಿಕೊಂಡ ಕಿರಿಯ ವಿಜ್ಞಾನಿಗೆ ನಾನು ಬೇಡವೆನ್ನಲೇಬೇಕಾಯಿತು.

ಆದ್ದರಿಂದ ನನ್ನ ಸಿದ್ಧತೆ ಸೆಪ್ಟೆಂಬರ್ ಎರಡನೇ ವಾರದಿಂದಲೇ ಆರಂಭವಾಗುತ್ತದೆ, ಮಸೂದೆ ಪಾಸಾಗುವ ಸೂಚನೆ ಇದ್ದರೂ ಸರಿ. ಮೊದಲು ದೀರ್ಘಾವಧಿಯ ಪ್ರಯೋಗಗಳನ್ನು ಹೊಸದಾಗಿ ಆರಂಭಿಸುವುದನ್ನು ನಿಲ್ಲಿಸುತ್ತೇವೆ. ಒಣ ಮಂಜುಗಡ್ಡೆಯಲ್ಲಿ ಬರುವ ರಾಸಾಯನಿಕಗಳ ಪೆಟ್ಟಿಗೆಗಳು ತೆಗೆದುಕೊಳ್ಳುವವರಿಲ್ಲದೆ ಸರಕು ಕಟ್ಟೆಯ ಮೇಲೆ ಕರಗಿಹೋಗಬಾರದೆಂದು ಪೂರೈಕೆದಾರರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಅಕ್ಟೋಬರ್ ಮೊದಲ ವಾರದ ರವಾನೆಗಳನ್ನು ತಡೆಹಿಡಿಯಲು ಹೇಳುತ್ತೇನೆ. ನಮಗೆ ಮಾದರಿಗಳನ್ನು ಕಳುಹಿಸಬೇಡಿ ಎಂದು ಬೇರೆ ಪ್ರಯೋಗಾಲಯಗಳಿಗೆ ತಿಳಿಸುತ್ತೇವೆ. ಪ್ರತಿ ಬ್ಯಾಕ್ಟೀರಿಯಾ ತಳಿಯನ್ನೂ ಗ್ಲಿಸರಾಲ್ ಬೆರೆಸಿದ ಪುಟ್ಟ ಶೀಶೆಗಳಲ್ಲಿ ತುಂಬಿ, ಮೈನಸ್ 80 ಡಿಗ್ರಿಯ ಎರಡು ಬೇರೆ ಬೇರೆ ಫ್ರೀಜರ್‌ಗಳಲ್ಲಿ ಒಂದೊಂದು ಪ್ರತಿ ಇಡುತ್ತೇವೆ. ಯಾವ ಶೀಶೆ ಯಾವ ಅರೆಯಲ್ಲಿದೆ ಎಂಬ ಪಟ್ಟಿ ಕಂಪ್ಯೂಟರಿನಲ್ಲಿದ್ದರೆ ಸಾಲದು, ಕಾಗದದಲ್ಲಿ ಬರೆದು ಫ್ರೀಜರ್ ಬಾಗಿಲಿಗೇ ಅಂಟಿಸಬೇಕು. ರಾತ್ರಿ ಅಲಾರಂ ಹೊಡೆದಾಗ ಓಡಿಬರುವವರು ನಮ್ಮ ತಂಡದವರೇ ಆಗಿರಬೇಕೆಂದಿಲ್ಲ.

ಯಾರು ಬರಬೇಕು, ಯಾರು ಮನೆಯಲ್ಲಿರಬೇಕು ಎಂಬ ಪಟ್ಟಿ ಮಾಡುವುದು ಇದೆಲ್ಲಕ್ಕಿಂತ ಭಾರವಾದ ಕೆಲಸ. ಕಾನೂನು ಕೇಳುವುದು ಪ್ರಾಣ ಮತ್ತು ಆಸ್ತಿಯ ಪ್ರಶ್ನೆಯನ್ನು ಮಾತ್ರ, ಯಾರ ಕೆಲಸ ಎಷ್ಟು ಮುಖ್ಯ ಎಂಬುದನ್ನಲ್ಲ. ಹತ್ತು ವರ್ಷ ದುಡಿದ ವಿಜ್ಞಾನಿಗೆ ಇದನ್ನು ಪತ್ರದ ಭಾಷೆಯಲ್ಲಿ ಹೇಳಿದರೆ ಮನಸ್ಸಿಗೆ ನೋವಾಗುತ್ತದೆ. ಅದಕ್ಕೇ ನಾನು ಫರ್ಲೋ ಪತ್ರ ಕೈಗಿಡುವ ಮುಂಚೆ ಪ್ರತಿಯೊಬ್ಬರ ಜೊತೆ ಕುಳಿತು ಮಾತಾಡುತ್ತೇನೆ. 2018ರಲ್ಲಿ ಫ್ರೀಜರ್ ಮತ್ತು ದ್ರವ ಸಾರಜನಕದ ತೊಟ್ಟಿಗಳನ್ನು ನೋಡಿಕೊಳ್ಳುವ ಜವಾಬ್ದಾರಿ ನಮ್ಮ ತಂತ್ರಜ್ಞೆಯೊಬ್ಬಳ ಮೇಲಿತ್ತು. ಅವಳು ಒಬ್ಬಂಟಿಯಾಗಿ ಮಕ್ಕಳನ್ನು ಸಾಕುತ್ತಿದ್ದವಳು, ದೂರದ ಕೌಂಟಿಯಿಂದ ಕಾರಿನಲ್ಲಿ ಬರುತ್ತಿದ್ದವಳು. ಸಂಬಳವಿಲ್ಲದೆ ಪೆಟ್ರೋಲಿಗೂ ಮಕ್ಕಳನ್ನು ನೋಡಿಕೊಳ್ಳುವವರಿಗೂ ಅವಳು ಕೈಯಿಂದಲೇ ಹಣ ತೆರಬೇಕಿತ್ತು. ಮೇಲಧಿಕಾರಿಯ ಒಪ್ಪಿಗೆ ಪಡೆದು, ಪ್ರಯೋಗಾಲಯಕ್ಕೆ ಹತ್ತಿರವಿರುವ ನನ್ನನ್ನೂ ಇನ್ನೊಬ್ಬ ಸಹೋದ್ಯೋಗಿಯನ್ನೂ ಆ ಪಾಳಿಗೆ ಹಾಕಿಸಿಕೊಂಡೆ. ಅವಳು ಫರ್ಲೋ ಪಡೆದು ರಾಜ್ಯದ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಲು ಇದರಿಂದ ಸಾಧ್ಯವಾಯಿತು. ಬಾಕಿ ಸಂಬಳ ಬಂದ ಮೇಲೆ ಆ ಭತ್ಯೆಯನ್ನು ಹಿಂತಿರುಗಿಸಬೇಕು, ಆದರೂ ನಡುವಿನ ವಾರಗಳಲ್ಲಿ ಮನೆ ನಡೆಯುತ್ತದೆ. ಆಮೇಲೆ ಈ ಲೆಕ್ಕಾಚಾರವೇ ನಮ್ಮ ತಂಡದ ಪದ್ಧತಿಯಾಯಿತು: ಪಾಳಿ ಹಂಚುವಾಗ ಮನೆಯ ದೂರ, ಮನೆಯಲ್ಲಿ ಇನ್ನೊಂದು ಸಂಪಾದನೆ ಇದೆಯೇ ಎಂಬುದನ್ನು ಅವರಾಗಿಯೇ ಹೇಳಿದರೆ ಗಮನಿಸುತ್ತೇವೆ.

2025ರ ಅಕ್ಟೋಬರ್ 1 ಬುಧವಾರ. ಫರ್ಲೋ ಆಗುವವರೂ ಅಂದು ಕೆಲವು ಗಂಟೆ ಬಂದು ಕ್ರಮವಾಗಿ ಕೆಲಸ ಮುಚ್ಚಿ ಹೋಗಬೇಕು. ಬ್ಯಾಕ್ಟೀರಿಯಾ ಬೆಳೆಸಲು ಬಳಸುವ, ಬಳಸದೆ ಉಳಿದ ಅಗಾರ್ ತಟ್ಟೆಗಳನ್ನು ರಾಶಿ ರಾಶಿಯಾಗಿ ಆಟೋಕ್ಲೇವ್‌ಗೆ, ಅಂದರೆ ಬಿಸಿ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಂತ್ರಕ್ಕೆ ತುಂಬಿದೆವು, ಏಕೆಂದರೆ ಅವುಗಳ ಅವಧಿ ಕೆಲವೇ ವಾರ. ಅಣುಗಳ ತೂಕ ಅಳೆದು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರನ್ನು ಮಾತ್ರ ಆರಿಸಲಿಲ್ಲ. ಅದರೊಳಗಿನ ನಿರ್ವಾತ ಒಮ್ಮೆ ಹೋದರೆ ಮತ್ತೆ ಸ್ಥಿತಿಗೆ ಬರಲು ದಿನಗಳೇ ಹಿಡಿಯುತ್ತವೆ. ಇಮೇಲ್‌ಗೆ ಸ್ವಯಂಚಾಲಿತ ಉತ್ತರ ಹಾಕಿ, ಮೇಜಿನ ಗಿಡಗಳನ್ನು ಕೆಲವರು ಮನೆಗೆ ಒಯ್ದರು. ನಾನು ಎಲ್ಲರ ಖಾಸಗಿ ಫೋನ್ ನಂಬರುಗಳ ಪಟ್ಟಿಯನ್ನು ಅವರ ಅನುಮತಿಯಿಂದ ಬರೆದುಕೊಂಡೆ. ಕೆಲಸದ ಮಾತು ಆಡುವಂತಿಲ್ಲದಿದ್ದರೂ ಊಟಕ್ಕೆ ತೊಂದರೆಯಾಗಿದೆಯೇ ಎಂದು ಕೇಳಲು ಯಾವ ಕಾನೂನೂ ಅಡ್ಡಿ ಮಾಡುವುದಿಲ್ಲ.

ಇನ್ನು ಮನೆಯ ವಿಷಯ. ನಮ್ಮ ಸಂಬಳ ಎರಡು ವಾರಕ್ಕೊಮ್ಮೆ ಬರುತ್ತದೆ. 2019ರ ಜನವರಿ 11ರಂದು ಬಂದ ಸಂಬಳದ ಚೀಟಿಯಲ್ಲಿ ಕೈಗೆ ಸಿಗುವ ಮೊತ್ತದ ಎದುರು ಸೊನ್ನೆ ಇತ್ತು. ಎರಡು ವಾರದ ಮೇಲೆ ಮತ್ತೆ ಸೊನ್ನೆ. ಜನವರಿ 16ರಂದು ಸಹಿಯಾದ ಕಾನೂನು, ಇನ್ನು ಮುಂದೆ ಯಾವ ಶಟ್‌ಡೌನ್ ಆದರೂ ಫೆಡರಲ್ ನೌಕರರಿಗೆ ಬಾಕಿ ಸಂಬಳ ಸಿಗುತ್ತದೆಂದು ಹೇಳಿದ್ದರಿಂದ ನನ್ನ ಹಣ ಎಂದಾದರೂ ಬರುತ್ತದೆಂಬ ಧೈರ್ಯವಿತ್ತು. ನನ್ನ ಪತಿಗೆ ಆ ಧೈರ್ಯವಿರಲಿಲ್ಲ. ಅವರು ಗುತ್ತಿಗೆ ಕಂಪನಿಯೊಂದರ ಮೂಲಕ ಮತ್ತೊಂದು ಫೆಡರಲ್ ಕಚೇರಿಗೆ ಸಾಫ್ಟ್‌ವೇರ್ ಬರೆಯುವವರು. ಕೆಲಸ ನಿಲ್ಲಿಸುವ ಆದೇಶ ಬಂದ ಕೂಡಲೇ ಕಂಪನಿ ಅವರ ಸಂಬಳದ ರಜೆಯನ್ನು ಮೊದಲು ಖಾಲಿಮಾಡಿಸಿ, ನಂತರದ ದಿನಗಳಿಗೆ ಏನನ್ನೂ ಕೊಡಲಿಲ್ಲ. ಬಾಕಿ ಸಂಬಳದ ಕಾನೂನು ಗುತ್ತಿಗೆ ನೌಕರರಿಗೆ ಅನ್ವಯಿಸುವುದಿಲ್ಲ. ಒಂದೇ ಮನೆಯಲ್ಲಿ, ಒಂದೇ ಕಾರಣಕ್ಕೆ, ನನ್ನ ಸಂಬಳ ತಡವಾಯಿತು, ಅವರದು ಇಲ್ಲವಾಯಿತು.

ಅಂದು ನಾವು ಮಾಡಿದ್ದು, 2025ರಲ್ಲಿ ಇನ್ನೂ ಬೇಗ ಮಾಡಿದ್ದು ಇಷ್ಟು. ಗೃಹಸಾಲದ ಕಂತು ತಪ್ಪುವ ಮುಂಚೆಯೇ ಬ್ಯಾಂಕಿಗೆ ಫೋನ್ ಮಾಡಿ, ಕಚೇರಿ ಕೊಟ್ಟ ಪತ್ರದ ಪ್ರತಿ ಕಳುಹಿಸಿ, ಕಂತನ್ನು ಮುಂದೂಡಲು ಬರಹದಲ್ಲಿ ಒಪ್ಪಿಗೆ ಪಡೆದೆವು. ತಪ್ಪಿದ ಮೇಲೆ ಕೇಳುವುದಕ್ಕೂ ತಪ್ಪುವ ಮುಂಚೆ ಕೇಳುವುದಕ್ಕೂ ಬ್ಯಾಂಕಿನ ದನಿಯೇ ಬೇರೆ. ಖಾತೆಯಿಂದ ತಾನಾಗಿ ಕಡಿತವಾಗುವ ಎಲ್ಲ ಪಾವತಿಗಳ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಕೆಲವನ್ನು ತಡೆದೆವು. ಸಹಕಾರಿ ಬ್ಯಾಂಕಿನಂಥ ಇಲ್ಲಿನ ಅನೇಕ ಕ್ರೆಡಿಟ್ ಯೂನಿಯನ್‌ಗಳು ಸಂಬಳದ ಮಟ್ಟದ ಬಡ್ಡಿಯಿಲ್ಲದ ಸಾಲ ಕೊಡುತ್ತವೆ. ಮೊದಲೇ ಸದಸ್ಯರಾಗಿದ್ದರೆ ಅದು ಸುಲಭ. ನಿವೃತ್ತಿ ನಿಧಿಗೆ ಕೈ ಹಾಕಲಿಲ್ಲ. ಆರೋಗ್ಯ ವಿಮೆ ಮುಂದುವರಿಯುತ್ತದೆ, ಆದರೆ ನಮ್ಮ ಪಾಲಿನ ಕಂತು ಬಾಕಿ ಸಂಬಳದಲ್ಲಿ ಒಟ್ಟಿಗೇ ಕಡಿತವಾಗುತ್ತದೆಂಬುದನ್ನು ಮೊದಲೇ ಲೆಕ್ಕ ಹಾಕಿಟ್ಟಿದ್ದರಿಂದ ಆ ಚೀಟಿ ಬಂದಾಗ ಗಾಬರಿಯಾಗಲಿಲ್ಲ. ಸಂಬಳವಿಲ್ಲದೆ ಕೆಲಸಕ್ಕೆ ಹೋಗುವವರಿಗೆ ನಿರುದ್ಯೋಗ ಭತ್ಯೆ ಸಿಗುವುದಿಲ್ಲವಾದ್ದರಿಂದ ಮೇರಿಲ್ಯಾಂಡ್ ಸರ್ಕಾರ ಅಂಥವರಿಗೆ 700 ಡಾಲರ್‌ಗಳ ಬಡ್ಡಿರಹಿತ ಸಾಲ ಕೊಟ್ಟಿತು. ಚಿಕ್ಕ ಮೊತ್ತವೇ ಆದರೂ ನಮ್ಮ ತಂಡದಲ್ಲಿ ಅದರಿಂದ ವಿದ್ಯುತ್ ಬಿಲ್ಲು ಕಟ್ಟಿದವರಿದ್ದಾರೆ.

2025ರಲ್ಲಿ ಹಣಕ್ಕಿಂತ ಹೆಚ್ಚಾಗಿ ಕಾಡಿದ್ದು ಅನಿಶ್ಚಿತತೆ. ಫರ್ಲೋ ಆದವರಿಗೆ ಬಾಕಿ ಸಂಬಳ ಕೊಡಲೇಬೇಕೆಂದಿಲ್ಲ ಎಂಬ ವಾದ ಶ್ವೇತಭವನದ ಕಡೆಯಿಂದಲೇ ಕೇಳಿಬಂತು. ಅಕ್ಟೋಬರ್ 10ರಿಂದ ಸಾವಿರಾರು ನೌಕರರಿಗೆ ಕೆಲಸದಿಂದ ತೆಗೆಯುವ ನೋಟಿಸು ಹೋಯಿತು. ಕೊನೆಗೆ ನವೆಂಬರ್ 12ರ ಕಾನೂನು ಬಾಕಿ ಸಂಬಳವನ್ನು ಖಚಿತಪಡಿಸಿ ಆ ನೋಟಿಸುಗಳನ್ನು ರದ್ದುಮಾಡಿತಾದರೂ, ನಡುವಿನ ವಾರಗಳಲ್ಲಿ ನನ್ನ ತಂಡದ ಇಬ್ಬರು ಬೇರೆ ಕೆಲಸ ಹುಡುಕಿಕೊಂಡರು. ಅವರಲ್ಲಿ ಒಬ್ಬರು ಜೀನೋಮ್ ವಿಶ್ಲೇಷಣೆಯಲ್ಲಿ ನಮ್ಮಲ್ಲೇ ಎಲ್ಲರಿಗಿಂತ ನುರಿತವರು. ಆ ಜಾಗ ಇನ್ನೂ ಖಾಲಿ ಇದೆ.

ಜನರಿಗೆ ತಟ್ಟಿದ್ದನ್ನು ಹೇಳದೆ ನೌಕರರ ಕಷ್ಟವನ್ನಷ್ಟೇ ಹೇಳಿದರೆ ಅರ್ಧ ಮಾತಾಗುತ್ತದೆ. 2019ರಲ್ಲಿ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಆಹಾರ ಕಾರ್ಖಾನೆಗಳ ವಾಡಿಕೆಯ ತಪಾಸಣೆಗಳನ್ನು ನಿಲ್ಲಿಸಿತ್ತು. ವಾರಕ್ಕೆ ಸುಮಾರು 160 ತಪಾಸಣೆ ನಡೆಯುತ್ತಿತ್ತೆಂದೂ, ಅವುಗಳಲ್ಲಿ ಮೂರನೇ ಒಂದು ಭಾಗ ಹೆಚ್ಚು ಅಪಾಯದ ಘಟಕಗಳದ್ದೆಂದೂ ಆಗಿನ ಆಯುಕ್ತ ಸ್ಕಾಟ್ ಗಾಟ್ಲಿಬ್ ತಿಳಿಸಿದ್ದರು. ಇನ್‌ಸ್ಪೆಕ್ಟರುಗಳು ಸಂಬಳವಿಲ್ಲದೆ ಮರಳಿ ಬಂದ ಮೇಲೆ ಅಪಾಯದ ಘಟಕಗಳ ತಪಾಸಣೆ ಮತ್ತೆ ಶುರುವಾಯಿತು. 2025ರಲ್ಲಿ ಸುಮಾರು 4 ಕೋಟಿ 20 ಲಕ್ಷ ಜನ ನೆಚ್ಚಿಕೊಂಡ ಆಹಾರ ನೆರವು ನವೆಂಬರ್‌ನಲ್ಲಿ ಅಸ್ತವ್ಯಸ್ತವಾಯಿತು. ನಿಯಂತ್ರಕರ ಕೊರತೆಯಿಂದ ನವೆಂಬರ್ 7ರಿಂದ 40 ವಿಮಾನ ನಿಲ್ದಾಣಗಳಲ್ಲಿ ಹಾರಾಟ ಕಡಿತವಾಯಿತು. ಇಲ್ಲಿನ ಕನ್ನಡಿಗರಿಗೆ ಬಿದ್ದ ಪೆಟ್ಟು ಬೇರೆ ಬಗೆಯದು. ಎಚ್-1ಬಿ ಎಂಬ ಉದ್ಯೋಗ ವೀಸಾದ ಅರ್ಜಿ ನೋಡುವ ಕಚೇರಿ ಶುಲ್ಕದಿಂದ ನಡೆಯುವುದರಿಂದ ತೆರೆದೇ ಇತ್ತು. ಆದರೆ ಆ ಅರ್ಜಿಯ ಜೊತೆ ಇರಲೇಬೇಕಾದ ಪತ್ರಕ್ಕೆ ಒಪ್ಪಿಗೆ ಕೊಡುವ ಕಾರ್ಮಿಕ ಇಲಾಖೆಯ ವಿಭಾಗ ಅಕ್ಟೋಬರ್ ಕೊನೆಯವರೆಗೆ ಮುಚ್ಚಿತ್ತು. ನಮ್ಮ ಪರಿಚಯದ ಮೈಸೂರಿನ ಹುಡುಗನೊಬ್ಬ ಕೆಲಸ ಕಳೆದುಕೊಂಡು, ಹೊಸ ಕಂಪನಿ ಒಪ್ಪಿದ್ದರೂ, ದೇಶ ಬಿಡಬೇಕಾದ ಅರವತ್ತು ದಿನದ ಗಡುವನ್ನು ಎಣಿಸುತ್ತ ಕುಳಿತಿದ್ದ.

ಬಾಗಿಲು ತೆರೆದ ನವೆಂಬರ್ 13ರಂದು ನಾವು ಕೆಲಸ ಆರಂಭಿಸಿದೆವೆಂದು ದಾಖಲೆ ಹೇಳುತ್ತದೆ. ನಿಜಕ್ಕೂ ಆದದ್ದು ಬೇರೆ. ಪಾಸ್‌ವರ್ಡುಗಳ ಅವಧಿ ಮುಗಿದಿತ್ತು. ಪಿಪೆಟ್, ತೂಕದ ಯಂತ್ರ, ಇನ್‌ಕ್ಯುಬೇಟರುಗಳ ಮಾಪನ ಪರಿಶೀಲನೆಯ ದಿನಾಂಕ ದಾಟಿತ್ತು. ಅದಾಗದೆ ನಮ್ಮ ಯಾವ ಫಲಿತಾಂಶಕ್ಕೂ ಮಾನ್ಯತೆಯಿಲ್ಲ. ಬ್ಯಾಕ್ಟೀರಿಯಾ ಬೆಳೆಸುವ ಹೊಸ ಮಾಧ್ಯಮ ತಯಾರಿಸಿ, ಗೊತ್ತಿರುವ ತಳಿಗಳನ್ನು ಬೆಳೆಸಿ ಎಲ್ಲ ಸರಿಯಿದೆಯೆಂದು ತೋರಿಸಿದ ಮೇಲಷ್ಟೇ ಹೊರಗಿನ ಮಾದರಿ ಮುಟ್ಟಬಹುದು. ಡಿಸೆಂಬರ್ ಬರುವವರೆಗೆ ನಾವು ಮೊದಲಿನ ವೇಗಕ್ಕೆ ಮರಳಲಿಲ್ಲ. ಅಕ್ಟೋಬರ್‌ನಲ್ಲಿ ಸಂಗ್ರಹಿಸಬೇಕಾಗಿದ್ದ ಸೊಪ್ಪಿನ ಮಾದರಿಗಳು ಹದ ತಪ್ಪಿದ ಬಿತ್ತನೆಯಂತೆ ಕೈಬಿಟ್ಟುಹೋದವು, ಏಕೆಂದರೆ ಆ ತೋಟಗಳ ಕೊಯ್ಲು ಅಷ್ಟರಲ್ಲಿ ಮುಗಿದಿತ್ತು. ಇದು ನಮ್ಮೊಬ್ಬರ ಕಥೆಯಲ್ಲ. ಮನೆಮನೆಯ ಸಮೀಕ್ಷೆ ನಡೆಯದ ಕಾರಣ ಅಮೆರಿಕದ 2025ರ ಅಕ್ಟೋಬರ್ ತಿಂಗಳ ನಿರುದ್ಯೋಗ ದರ ದಾಖಲಾಗಲೇ ಇಲ್ಲ. ಬಾಕಿ ಸಂಬಳ ಕೊಡಬಹುದು, ಬಾಕಿ ಮಾಹಿತಿಯನ್ನು ಯಾರೂ ತಂದುಕೊಡಲಾರರು. 2018–19ರ ಶಟ್‌ಡೌನ್‌ನಿಂದ ಕುಗ್ಗಿದ 11 ಬಿಲಿಯನ್ ಡಾಲರ್ ಉತ್ಪಾದನೆಯಲ್ಲಿ 3 ಬಿಲಿಯನ್ ಎಂದಿಗೂ ಮರಳುವುದಿಲ್ಲವೆಂದು ಕಾಂಗ್ರೆಸ್ಸಿನ ಬಜೆಟ್ ಕಚೇರಿ ಅಂದಾಜು ಮಾಡಿತ್ತು. ನಮ್ಮ ಸೊಪ್ಪಿನ ಮಾದರಿಗಳಂಥ ನಷ್ಟ ಆ ಅಂಕಿಯಲ್ಲೂ ಕಾಣುವುದಿಲ್ಲ.

ನಮ್ಮ ಕಟ್ಟಡದ ನೆಲ ಒರೆಸುವವರು, ಕಸ ತೆಗೆಯುವವರು, ಕೆಳಗಿನ ಕ್ಯಾಂಟೀನಿನವರು ಎಲ್ಲರೂ ಗುತ್ತಿಗೆಯವರು. ನನ್ನ ಪತಿಗಾದರೂ ಮನೆಯಲ್ಲಿ ನನ್ನ ಸಂಬಳದ ಭರವಸೆಯಿತ್ತು, ಗಂಟೆಯ ಕೂಲಿಗೆ ದುಡಿಯುವ ಅವರಿಗೆ ಏನೂ ಇರಲಿಲ್ಲ. 2019ರಲ್ಲಿ ಕ್ಯಾಂಟೀನಿನ ಇಬ್ಬರು ಹೆಂಗಸರು ಹಿಂತಿರುಗಲಿಲ್ಲ. ಅದಾದ ಮೇಲೆ ನಮ್ಮ ಮಹಡಿಯವರೆಲ್ಲ ಸೇರಿ, ಕಚೇರಿಯ ಹೊರಗೆ, ಸ್ವಂತ ಹಣದಿಂದ ಒಂದು ನಿಧಿ ಮಾಡಿಕೊಂಡಿದ್ದೇವೆ. 2025ರಲ್ಲಿ ಅದರಿಂದ ಅವರಿಗೆ ದಿನಸಿ ಕೂಪನ್‌ಗಳನ್ನು ತಲುಪಿಸಿದೆವು. ಅದು ಸಂಬಳಕ್ಕೆ ಬದಲಿಯಲ್ಲವೆಂದು ನನಗೆ ಗೊತ್ತು. ಗುತ್ತಿಗೆ ನೌಕರರಿಗೂ ಬಾಕಿ ಸಂಬಳ ಕೊಡಿಸುವ ಮಸೂದೆಯನ್ನು ಮಿನೆಸೋಟದ ಸೆನೆಟರ್ ಟೀನಾ ಸ್ಮಿತ್ 2019ರಲ್ಲಿ ಮಂಡಿಸಿದರು, ಅದು ಕಾನೂನಾಗಲಿಲ್ಲ. ಈ ದೇಶದ ಪ್ರಜೆಯಾಗಿ, ಕಚೇರಿಯ ಸಮಯದ ಹೊರಗೆ, ನಾನೂ ನನ್ನ ಪತಿಯೂ ನಮ್ಮ ಇಬ್ಬರು ಸೆನೆಟರ್‌ಗಳಿಗೂ ಪ್ರತಿನಿಧಿಗೂ ಆ ಮಸೂದೆಯನ್ನು ಬೆಂಬಲಿಸುವಂತೆ ಪತ್ರ ಬರೆಯುತ್ತಲೇ ಇದ್ದೇವೆ. ಕ್ಯಾಂಟೀನಿನವರಿಗೆ ಗಂಟೆಗೆ ಎಷ್ಟು ಸಿಗುತ್ತಿತ್ತು, ಎಷ್ಟು ವಾರ ಸಿಗಲಿಲ್ಲ ಎಂಬುದನ್ನು ಅವರನ್ನೇ ಕೇಳಿ, ಅವರು ಒಪ್ಪಿದ ಮೇಲೆ, ಪ್ರತಿ ಪತ್ರದಲ್ಲೂ ಬರೆಯುತ್ತೇವೆ.