ಹಳೇ ಉಳಿ, ತೋಪಡ ಕೊಳ್ಳುವ ಮುಂಚೆ ಅಲಗು ನೋಡಿ

ಹಳೇ ಬಡಗಿ ಸಲಕರಣೆ ಹುಡುಕಲು ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಹಿಡಿ ನೋಡಿ ಮರುಳಾಗಬೇಡಿ, ಅಲಗು ನೋಡಿ. ಹಿಡಿ ಮುರಿದಿದ್ದರೆ ಜಾಲಿ ಮರದ್ದೋ ಹುಣಸೆಯದ್ದೋ ಹೊಸದು ಕೂರಿಸಬಹುದು. ಸವೆದ ಉಕ್ಕನ್ನು ಎಲ್ಲಿಂದ ತರುತ್ತೀರಿ?

ಬೆಂಗಳೂರಿನಲ್ಲಾದರೆ ಚಿಕ್ಕಪೇಟೆ ಪಕ್ಕದ ಭಾನುವಾರದ ಸಂತೆಗೆ ಬೆಳಗಿನ ಜಾವವೇ ಹೋಗಿ. ಆದರೆ ನನ್ನ ಮನಸ್ಸು ಜಾಸ್ತಿ ಎಳೆಯುವುದು ಸಣ್ಣ ಊರುಗಳ ಗುಜರಿ ಅಂಗಡಿಗಳ ಕಡೆಗೆ. ಅಲ್ಲಿ ಎಲ್ಲವೂ ತೂಕದ ಲೆಕ್ಕ. ಕೆಲಸ ಬಿಟ್ಟ ಹಿರಿಯ ಬಡಗಿಗಳನ್ನೂ ಮಾತಾಡಿಸಿ. ಅವರ ಹತ್ತಿರ ಮಾತ್ರ ಚೌಕಾಸಿ ಮಾಡಬೇಡಿ. ಆ ಉಳಿ ಒಂದು ಮನೆಯ ಅನ್ನ ದುಡಿದಿದೆ.

ಜೇಬಿನಲ್ಲಿ ಟಾರ್ಚು, ಭೂತಗನ್ನಡಿ, ಒಂದು ಒರಟು ಬಟ್ಟೆ ಇರಲಿ. ಹಳೇ ಅಲಗುಗಳಲ್ಲಿ ಎಷ್ಟೋ ಪೂರ್ತಿ ಉಕ್ಕಿನವಲ್ಲ. ಮೆದು ಕಬ್ಬಿಣಕ್ಕೆ ಗಟ್ಟಿ ಉಕ್ಕಿನ ತೆಳು ಪದರ ಬೆಸೆದಿರುತ್ತಾರೆ. ಮಸೆದ ಇಳಿಜಾರನ್ನು ಒರೆಸಿ ಬೆಳಕಿಗೆ ಹಿಡಿದರೆ ಎರಡು ಬಣ್ಣದ ನಡುವೆ ಗೆರೆ ಕಾಣುತ್ತದೆ. ಉಕ್ಕು ಅಲಗಿನ ತುದಿಯಿಂದ ಸ್ವಲ್ಪ ದೂರಕ್ಕಷ್ಟೇ ಇರುತ್ತದೆ. ಮಸೆದು ಮಸೆದು ಅದು ಮುಗಿದಿದ್ದರೆ ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ. ಅಲಗಿನ ಬೆನ್ನನ್ನೂ ನೋಡಿ. ಬಾಯಿಯ ಹತ್ತಿರ ತುಕ್ಕು ಗುಳಿ ಮಾಡಿದ್ದರೆ ಚೂಪು ನಿಲ್ಲುವುದಿಲ್ಲ. ಎಲ್ಲೋ ನೀಲಿ ಬಣ್ಣ ಕಂಡರೆ ಯಾರೋ ಗ್ರೈಂಡರಿಗೆ ಕೊಟ್ಟು ಹದ ಕೆಡಿಸಿರಬಹುದು.

ತೋಪಡ ಅಂದರೆ ಮರ ಹೆರೆದು ನುಣುಪು ಮಾಡುವ ಸಲಕರಣೆ. ಎರಕದ ಕಬ್ಬಿಣದ ತೋಪಡದಲ್ಲಿ ಅಲಗು ಹೊರಬರುವ ಸೀಳಿನ ಸುತ್ತ ಬಿರುಕು ಹುಡುಕಿ. ಗರಗಸವನ್ನು ಕಣ್ಣಿನ ನೇರಕ್ಕೆ ಹಿಡಿದು ಸೊಟ್ಟ ಇದೆಯಾ ನೋಡಿ, ಸಾಕು.

ಮುದ್ರೆ ಓದುವುದು ನನಗಂತೂ ಅತಿ ಖುಷಿಯ ಕೆಲಸ. ಇಂಗ್ಲಿಷ್ ಉಳಿಗಳ ಮೇಲಿನ ‘ಕಾಸ್ಟ್ ಸ್ಟೀಲ್’ ಮುದ್ರೆ ಮೂಸೆಯಲ್ಲಿ ಕರಗಿಸಿದ ಉಕ್ಕಿನ ಗುರುತು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಈ ವಿಧಾನ ರೂಢಿಸಿದ. ಅಮೆರಿಕದ ಸ್ಟಾನ್ಲಿ ಕಂಪನಿಯ ತೋಪಡದ ಮೈಯಲ್ಲಿ 1902ರ ಎರಡು, 1910ರ ಒಂದು ಪೇಟೆಂಟ್ ತಾರೀಖು ಇದ್ದರೆ ಅದು 1910ಕ್ಕಿಂತ ಹಳೆಯದಲ್ಲ. ಇಂಗ್ಲೆಂಡಿನ ‘ರೆಕಾರ್ಡ್’ ಹೆಸರಿನ ತೋಪಡಗಳು ಶುರುವಾಗಿದ್ದು 1931ರಲ್ಲಿ. ಮೂರು ಗೀಟಿನ ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತು ಅನ್ನುವುದಕ್ಕೆ ಹಾಕುತ್ತಿದ್ದರು.

ಹೆಸರಿಲ್ಲ ಅಂತ ನಮ್ಮ ಕಮ್ಮಾರರು ಬಡಿದ ಬಾಚಿಯನ್ನು ಪಕ್ಕಕ್ಕಿಡಬೇಡಿ. ನಾನು ಸ್ಟಾನ್ಲಿಗಿಂತ ಮೊದಲು ಅದನ್ನೇ ಎತ್ತಿಕೊಳ್ಳುತ್ತೇನೆ. ಸ್ಟಾನ್ಲಿ ಇನ್ನೊಂದು ಸಿಗುತ್ತದೆ, ಆ ಕೈಯ ಕೆಲಸ ಸಿಗುವುದಿಲ್ಲ. ಯಾವ ಊರು, ಯಾರ ಮನೆ, ಏನು ಕೆಲಸಕ್ಕೆ ಬಳಸುತ್ತಿದ್ದರು ಅಂತ ಕೇಳಿ, ಅವತ್ತೇ ಚೀಟಿಯಲ್ಲಿ ಬರೆದು ಕಟ್ಟಿ.

ತುಕ್ಕಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಪುಡಿ, ಒಳ್ಳೆಯದು. ಲೀಟರ್ ನೀರಿಗೆ ಸುಮಾರು 50 ಗ್ರಾಂ ಹಾಕಿ. ಮರದ ಭಾಗ ಬಿಚ್ಚಿಟ್ಟು ಕಬ್ಬಿಣವನ್ನಷ್ಟೇ ಕೆಲವು ಗಂಟೆ ನೆನೆಸಿ, ನಡುನಡುವೆ ತೆಗೆದು ಬ್ರಶ್ಶಿನಿಂದ ಉಜ್ಜಿ. ರಾತ್ರಿಯಿಡೀ ಮರೆತುಬಿಟ್ಟರೆ ಆಮ್ಲ ಒಳ್ಳೆ ಲೋಹವನ್ನೂ ತಿನ್ನುತ್ತದೆ. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು, ತಕ್ಷಣ ಒರೆಸಿ, ಹೊಲಿಗೆ ಮೆಷಿನ್ ಎಣ್ಣೆ ಸವರಿ. ಹಿಡಿಗೆ ಅಗಸೆ ಎಣ್ಣೆ. ಮಾಲೀಕರು ಕೊರೆದ ಅಕ್ಷರ, ಬೆವರು ಕುಡಿದು ಕಪ್ಪಾದ ಮರ, ಇವನ್ನು ಸ್ಯಾಂಡ್‌ಪೇಪರ್ ಹಾಕಿ ಅಳಿಸಬೇಡಿ ದಯವಿಟ್ಟು. ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಇನ್ನೊಂದು ಸಲ ಎಣ್ಣೆ ಹಚ್ಚಿ.

ಹೊರದೇಶದಲ್ಲಿ ಇರುವವರಿಗೆ ಒಂದು ಮಾತು. 100 ವರ್ಷ ದಾಟಿದ ಕುಶಲಕಲೆಯ ವಸ್ತುಗಳು 1972ರ ಪುರಾವಸ್ತು ಕಾಯ್ದೆಯ ಕೆಳಗೆ ಬರಬಹುದು. ಅಂಥವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಅಜ್ಜನ ಬಾಚಿಯನ್ನು ಸೂಟ್‌ಕೇಸಿಗೆ ಹಾಕುವ ಮುಂಚೆ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.