ಮಡಿಕೇರಿಯಿಂದ ಲಂಡನ್ನಿಗೆ: ದೂರವನ್ನೂ ಹೊತ್ತನ್ನೂ ನಾನು ಲೆಕ್ಕ ಹಾಕಿದ ಬಗೆ

ಲಂಡನ್ನಿನಲ್ಲಿರುವ ತಂಗಿಯ ಮನೆಗೆ ಒಂದು ಜನವರಿಯಲ್ಲಿ ತಾಯಿಯನ್ನು ಕರೆದೊಯ್ಯುವಾಗ, ಮಡಿಕೇರಿಯ ನಮ್ಮ ಬಾಗಿಲಿನಿಂದ ಅವಳ ಬಾಗಿಲಿಗೆ ಎಷ್ಟು ಗಂಟೆ ಬೇಕೆಂದು ನಾನು ಮೊದಲೇ ತಿಳಿಯಬೇಕಿತ್ತು. ತಾಯಿಯ ಒಂದು ಮಾತ್ರೆಯನ್ನು ಹನ್ನೆರಡು ಗಂಟೆಗೊಮ್ಮೆ ತಪ್ಪದೆ ಕೊಡಬೇಕೆಂದು ವೈದ್ಯರು ಹೇಳಿದ್ದರು.

ಮಗನ ಮೇಜಿನ ಮೇಲಿದ್ದ ಗ್ಲೋಬಿನ ವ್ಯಾಸ 30 ಸೆಂ.ಮೀ., ಸುತ್ತಳತೆ ಸುಮಾರು 94 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆದ್ದರಿಂದ, ಅದರ ಮೇಲಿನ ಒಂದು ಸೆಂ.ಮೀ. ಸುಮಾರು 425 ಕಿ.ಮೀ.ಗೆ ಸಮ. ಬೆಂಗಳೂರಿನಿಂದ ಲಂಡನ್ನಿಗೆ ದಾರವನ್ನು ಬಿಗಿಯಾಗಿ ಎಳೆದು ಅಳೆದಾಗ 19 ಸೆಂ.ಮೀ. ಬಂದಿತು. ಗೋಡೆಯ ನಕ್ಷೆಯಲ್ಲಿ ಪಟ್ಟಿಯಿಟ್ಟು ಎಳೆದ ಗೆರೆ ಅರೇಬಿಯಾದ ಮೇಲೆ ಹಾಯುತ್ತದೆ. ದಾರವಾದರೋ ಕರಾಚಿಯ ಬಳಿಯಿಂದ ಇರಾನನ್ನೂ ಕಪ್ಪು ಸಮುದ್ರವನ್ನೂ ದಾಟಿತು, ಮತ್ತು ದುಂಡಗಿನ ಭೂಮಿಯ ಮೇಲೆ ಅದೇ ಹತ್ತಿರದ ದಾರಿ. ಬಳಿಕ ಅಕ್ಷಾಂಶ, ರೇಖಾಂಶಗಳನ್ನು ತ್ರಿಕೋನಮಿತಿಯ ಸೂತ್ರಕ್ಕೆ ಹಾಕಿ ನೋಡಿದೆ. ಎರಡು ಊರುಗಳ ನಡುವಿನ ಕೋನ 72.3 ಡಿಗ್ರಿ, ಡಿಗ್ರಿಗೆ 111.2 ಕಿ.ಮೀ.ಯಂತೆ 8,040 ಕಿ.ಮೀ. ದಾರದ ಅಳತೆ ಇಷ್ಟು ಸರಿಯಾಗಿದ್ದುದು ನನಗೆ ನಿಜಕ್ಕೂ ಸಂತೋಷ ತಂದಿತು.

ಗಂಟೆಗೆ 900 ಕಿ.ಮೀ. ವೇಗದಲ್ಲಿ ಇದು ಒಂಬತ್ತು ಗಂಟೆಯ ಹಾದಿ. ಆದರೆ ಟಿಕೆಟ್ಟಿನಲ್ಲಿದ್ದುದು ಹತ್ತೂವರೆ. ಪಶ್ಚಿಮಕ್ಕೆ ಹಾರುವ ವಿಮಾನಕ್ಕೆ ಮೇಲಿನ ಆಕಾಶದ ಗಾಳಿ ಎದುರಾಗುತ್ತದೆ, ಚಳಿಗಾಲದಲ್ಲಿ ಅದರ ಬಲ ಹೆಚ್ಚು. ಏರುವುದಕ್ಕೆ, ಇಳಿಯುವುದಕ್ಕೆ, ರನ್‌ವೇ ತಲುಪುವುದಕ್ಕೆ ಬೇರೆ ಹೊತ್ತು ಬೇಕು. ಉಕ್ರೇನಿನ ಆಕಾಶವಂತೂ 2022ರ ಫೆಬ್ರುವರಿಯಿಂದ ನಾಗರಿಕ ವಿಮಾನಗಳಿಗೆ ಮುಚ್ಚಿರುವುದರಿಂದ, ದಾರ ತೋರಿದ ದಾರಿಯನ್ನು ಅಲ್ಲಿ ಬಿಟ್ಟು ಸುತ್ತಲೇಬೇಕು.

ಕೊಡಗಿನವರ ಲೆಕ್ಕ ಇಷ್ಟಕ್ಕೆ ಮುಗಿಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರಿನ ನಿಲ್ದಾಣ ಹತ್ತಿರವಿದ್ದರೂ ಅಲ್ಲಿಂದ ಲಂಡನ್ನಿಗೆ ನೇರ ವಿಮಾನವಿಲ್ಲದ ಕಾರಣ, ಕುಶಾಲನಗರ, ಮೈಸೂರು ದಾಟಿ, ಬೆಂಗಳೂರನ್ನು ಹಾದು ದೇವನಹಳ್ಳಿಯವರೆಗೆ ರಸ್ತೆಯಲ್ಲೇ ಹೋಗಬೇಕು. ಗ್ಲೋಬಿನ ಮೇಲೆ ಇದು ಬರಿಯ ಅರ್ಧ ಸೆಂಟಿಮೀಟರ್. ಆ ಅರ್ಧ ಸೆಂಟಿಮೀಟರಿಗೆ ನಾನು ಏಳು ಗಂಟೆ ಹಿಡಿದೆ. ಮಳೆಗಾಲವಾಗಿದ್ದರೆ ಇನ್ನೂ ಹೆಚ್ಚು ಹಿಡಿಯುತ್ತಿದ್ದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆಯ ರಸ್ತೆ ಮುಚ್ಚಿದ್ದನ್ನು ಕಂಡವರು ಗಂಟೆಗಳನ್ನು ಬಿಗಿಯಾಗಿ ಎಣಿಸುವುದಿಲ್ಲ.

ಬೆಳಗಿನ ಜಾವ ಎರಡೂವರೆಗೆ ಹೊರಟೆವು. ನಿಲ್ದಾಣದಲ್ಲಿ ನಾಲ್ಕು ಗಂಟೆ, ಆಕಾಶದಲ್ಲಿ ಹತ್ತೂವರೆ, ಇಳಿದ ಮೇಲೆ ಎರಡು ಗಂಟೆ ಕಳೆದು ತಂಗಿಯ ಮನೆ ಸೇರಿದಾಗ ಅಲ್ಲಿಯ ಗಡಿಯಾರ ರಾತ್ರಿ ಎಂಟೂವರೆ ತೋರಿಸುತ್ತಿತ್ತು. ಗಡಿಯಾರವನ್ನು ನಂಬಿದರೆ ಹದಿನೆಂಟು ಗಂಟೆ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದಿರುವುದರಿಂದ ನಿಜವಾಗಿ ಕಳೆದದ್ದು ಇಪ್ಪತ್ತಮೂರೂವರೆ. ಅದಕ್ಕಾಗಿಯೇ ನನ್ನ ಕೈಗಡಿಯಾರದಲ್ಲಿ ನಮ್ಮ ಊರಿನ ಸಮಯವನ್ನು ಬದಲಿಸಿರಲಿಲ್ಲ. ಬೆಳಗಿನ ಆರರ ಮಾತ್ರೆಯನ್ನು ಮೈಸೂರು ದಾಟಿದ ಮೇಲೆ, ಸಂಜೆ ಆರರದನ್ನು ವಿಮಾನದಲ್ಲಿ ಕೊಟ್ಟಿದ್ದೆ. ಮೂರನೆಯದನ್ನು ಲಂಡನ್ನಿನ ನಡುರಾತ್ರಿ ಹನ್ನೆರಡೂವರೆಗೆ ತಾಯಿಯನ್ನು ಎಬ್ಬಿಸಿ ಕೊಟ್ಟೆ.